ಹೆಸರಿಲ್ಲದ ಇನ್ನೂರ ಹನ್ನೆರಡು ದವಡೆಗಳು

ನನ್ನ ಚಿಕ್ಕಪ್ಪನ ಬಳಿ ಎಲ್ಲವೂ ಎರಡೆರಡು. ಎರಡು ಕೊಡೆ, ಎರಡು ಕನ್ನಡಕ, ಪ್ರತಿ ಬೀಗಕ್ಕೂ ಎರಡು ಕೀಲಿಕೈ, ಆ ಕೀಲಿಕೈಗಳನ್ನಿಡುವ ಡಬ್ಬಿಯೂ ಎರಡು. ಮದುವೆಯೊಂದೇ ಒಂದು ಸಲ ಆದದ್ದು, ಅದೂ ಅವರ ಅತ್ತೆಗೆ ಹೆದರಿ ಎಂದು ಮನೆಯಲ್ಲಿ ಅವರ ಕಾಲೆಳೆಯುತ್ತೇವೆ.

ಕಟ್ಟುಹಲ್ಲು ತಯಾರಿಸುವ ಒಂದು ವರ್ಕ್‌ಶಾಪಿನಲ್ಲಿ ಅವರಿಗೆ ಕೆಲಸ. ಹಲ್ಲು ಮಾಡುವವರು ಬೇರೆ, ಇವರು ಕಂಪ್ಯೂಟರುಗಳ ಕಾವಲುಗಾರ. ಯಾರ ಬಾಯಿಯನ್ನು ಸ್ಕ್ಯಾನ್ ಮಾಡಿದರೂ ಆ ದವಡೆಯ ಚಿತ್ರ, ಅದಕ್ಕೆ ಮಾಡಿದ ಕಟ್ಟುಹಲ್ಲಿನ ಸಮೇತ, ಚಿಕ್ಕಪ್ಪನ ಕಂಪ್ಯೂಟರ್ ಪೆಟ್ಟಿಗೆಯಲ್ಲಿರುವ ಎರಡು ಡಿಸ್ಕುಗಳಿಗೆ ಏಕಕಾಲಕ್ಕೆ ಹೋಗಿ ಕೂರುತ್ತದೆ. ಒಂದು ಕೈಕೊಟ್ಟರೆ ಇನ್ನೊಂದಿರಲಿ ಎಂದು. ಜೊತೆಗೆ, ಯಾವ ಕೆಲಸ ಮಾಡುವ ಮೊದಲೂ ಅದನ್ನು ಜೇಬಿನ ನೋಟ್‌ಬುಕ್ಕಿನಲ್ಲಿ ಬರೆಯುವುದು ಅವರ ಅಭ್ಯಾಸ. ಕೆಲಸ ಅರ್ಧಕ್ಕೆ ನಿಂತರೆ ಎಲ್ಲಿ ನಿಂತಿತೆಂದು ಗೊತ್ತಾಗಬೇಕಂತೆ. ‘ಹಾಲು ಇಳಿಸಬೇಕು’ ಎಂದು ಬರೆದು ಮುಗಿಸುವಷ್ಟರಲ್ಲಿ ಹಾಲು ಒಲೆಯ ಮೇಲೆಲ್ಲ ಹರಿದಿರುತ್ತದೆ.

ಇದನ್ನೆಲ್ಲ ಕಂಡರೆ ಅವರ ಅತ್ತೆಗೆ ಮೈಯೆಲ್ಲ ಉರಿ. ಮೂವತ್ತೆಂಟು ವರ್ಷ ಶಾಲೆ ನಡೆಸಿ ನಿವೃತ್ತರಾದ ಹೆಡ್‌ಮಿಸ್ಸು ಅವರು, ಈಗ ಮಗಳ ಮನೆಯಲ್ಲೇ ಇದ್ದಾರೆ. ದಿನಾ ಬೆಳಗ್ಗೆ ಕೆಂಪು ಪೆನ್ಸಿಲ್ ಹಿಡಿದು ಪತ್ರಿಕೆಯ ತಪ್ಪು ತಿದ್ದುತ್ತಾರೆ. ತಪ್ಪು ದೊಡ್ಡದಾಗಿದ್ದರೆ ಸಿಟ್ಟಿಗೆ ಪೆನ್ಸಿಲ್ಲನ್ನೇ ಕಚ್ಚುತ್ತಾರೆ. ಎರಡೆರಡು ಇಟ್ಟುಕೊಳ್ಳುವ ಮನುಷ್ಯ ಒಂದನ್ನೂ ನೆಟ್ಟಗೆ ನೋಡಿಕೊಳ್ಳುವುದಿಲ್ಲ ಎಂಬುದು ಅಳಿಯನ ಬಗ್ಗೆ ಅವರು ಎಂದೋ ಕೊಟ್ಟ ತೀರ್ಪು.

ಒಂದು ಸೋಮವಾರ ಹೆಡ್‌ಮಿಸ್ಸು ಬಸ್ಸಿನಲ್ಲಿ ಬರುತ್ತಿದ್ದರು. ಅಡ್ಡಾದಿಡ್ಡಿ ಓಡಿಸುತ್ತಿದ್ದ ಸ್ಕೂಟರಿನವನನ್ನು ಕಿಟಕಿಯಿಂದ ತಲೆ ಹೊರಹಾಕಿ ಬೈದರು. ಬೈಗುಳದ ಜೊತೆಗೆ, ಅಳಿಯನ ವರ್ಕ್‌ಶಾಪಿನಲ್ಲೇ ಮಾಡಿಸಿದ್ದ ಹಲ್ಲಿನ ಸೆಟ್ಟೂ ಹೊರಗೆ ಹಾರಿ, ಹಿಂದಿನ ಬಸ್ಸಿನ ಚಕ್ರಕ್ಕೆ ಸಿಕ್ಕಿ ಪುಡಿಪುಡಿಯಾಯಿತು. ಶುಕ್ರವಾರ ಅವರ ಹಳೆಯ ಶಾಲೆಯಲ್ಲಿ ಸಮಾರಂಭ, ಇವರದೇ ಭಾಷಣ. ಹಲ್ಲಿಲ್ಲದೆ ಹೋಗುವುದಿಲ್ಲ ಎಂದು ಕೋಣೆಯ ಬಾಗಿಲು ಹಾಕಿಕೊಂಡರು. ಆ ಭಾಷಣಕ್ಕಾಗಿ ಮೂರು ತಿಂಗಳಿಂದ ಬರೆದು ಬರೆದು ಹರಿದವರು ಅವರು. ನನಗೆ ನಿಜಕ್ಕೂ ಸಂಕಟವಾಯಿತು.

ಚಿಕ್ಕಪ್ಪ ಮಾತ್ರ ಎದೆಯುಬ್ಬಿಸಿ ಬಾಗಿಲ ಬಳಿ ನಿಂತರು. “ಚಿಂತೆ ಮಾಡ್ಬೇಡಿ ಅತ್ತೆ. ನಿಮ್ಮ ಬಾಯಿ ನನ್ನ ಹತ್ರ ಭದ್ರವಾಗಿದೆ. ಎರಡು ಕಡೆ ಇದೆ.”

ಮಂಗಳವಾರ ನೋಡಿದರೆ ಪೆಟ್ಟಿಗೆಯ ಎಡಗಡೆಯ ಡಿಸ್ಕಿನ ಮೇಲೆ, ಕೆಟ್ಟಿದೆ ಎನ್ನುವ ಕೆಂಪು ದೀಪ. ಚಿಕ್ಕಪ್ಪ ಗಾಬರಿಯಾಗಲಿಲ್ಲ. ‘ಎಡಗಡೆಯದು ತೆಗೆಯಬೇಕು’ ಎಂದು ನೋಟ್‌ಬುಕ್ಕಿನಲ್ಲಿ ಬರೆದರು. ಡಿಸ್ಕುಗಳನ್ನು ಎಳೆಯುವುದು ಪೆಟ್ಟಿಗೆಯ ಹಿಂಬದಿಯಿಂದ. ಹಿಂದೆ ಹೋದರು, ನೋಟ್‌ಬುಕ್ ಇನ್ನೊಮ್ಮೆ ಓದಿದರು, ಎಡಗಡೆಯದನ್ನು ಎಳೆದರು. ಹಿಂದೆ ನಿಂತವನ ಎಡ, ಮುಂದೆ ನಿಂತವನ ಬಲ ಎಂದು ನೋಟ್‌ಬುಕ್ಕಿನಲ್ಲಿ ಬರೆದಿರಲಿಲ್ಲ. ಕೈಗೆ ಬಂದದ್ದು ಒಳ್ಳೆಯ ಡಿಸ್ಕು, ಅದೂ ಏನನ್ನೋ ಬರೆದುಕೊಳ್ಳುತ್ತಿದ್ದ ಹೊತ್ತಿನಲ್ಲಿ. ಮರಳಿ ತುರುಕಿದರು. ಕೆಟ್ಟದ್ದು ಅಷ್ಟರಲ್ಲಿ ಪೂರ್ತಿ ಕಣ್ಣುಮುಚ್ಚಿತ್ತು.

ಅಳುದನಿಯಲ್ಲಿ ಅವರು ನನಗೆ ಫೋನ್ ಮಾಡಿದಾಗ ಕಂಪ್ಯೂಟರು ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುತ್ತಿತ್ತು. ಅದಕ್ಕೂ ಚಿಕ್ಕಪ್ಪನಂಥದ್ದೇ ಒಂದು ನೋಟ್‌ಬುಕ್ ಉಂಟಂತೆ. ಎಚ್ಚರವಾದ ಕೂಡಲೇ ಅದನ್ನು ಓದಿ, ಅರ್ಧಕ್ಕೆ ನಿಂತ ಕೆಲಸಗಳನ್ನು ಮುಗಿಸುತ್ತದಂತೆ. ಹೆಚ್ಚಿನವು ಹಾಗೇ ಸರಿಹೋದವು. ಆದರೆ ಅದರೊಳಗಿನ ಒಂದು ಕಪಾಟಿನ, ಅಂದರೆ ಫೋಲ್ಡರಿನ, ಹೆಸರುಗಳ ಪಟ್ಟಿ ಮಾತ್ರ ಕೆಟ್ಟುಹೋಗಿತ್ತು. ಅಲ್ಲಿನ ದವಡೆಗಳೆಲ್ಲ ಉಳಿದಿದ್ದವು, ಯಾರದು ಯಾವುದೆಂದು ಗೊತ್ತಿಲ್ಲ. ಕಂಪ್ಯೂಟರು ಅವುಗಳಿಗೆ ಬರೀ ನಂಬರು ಕೊಟ್ಟು, ಕಳೆದು ಸಿಕ್ಕ ವಸ್ತುಗಳ ಕೋಣೆಯೊಂದಕ್ಕೆ ತಳ್ಳಿತ್ತು. ಒಟ್ಟು ಇನ್ನೂರ ಹನ್ನೆರಡು. ಅವುಗಳಲ್ಲಿ ಒಂದು ಹೆಡ್‌ಮಿಸ್ಸು.

ಇನ್ನೊಂದು ಸಲ ಬಾಯಿ ತೆರೆದು ಕೂರಲು ಅವರಿಗೇ ಹೇಳಿ ಎಂದೆ. ಚಿಕ್ಕಪ್ಪ ಒಪ್ಪಲಿಲ್ಲ. ಹದಿನಾಲ್ಕು ವರ್ಷದ ಜಂಬವೆಲ್ಲ ಅತ್ತೆಯೆದುರು ಮಣ್ಣುಪಾಲಾಗುತ್ತದೆ ಎಂದರು.

ನಾನು ವರ್ಕ್‌ಶಾಪಿಗೆ ಹೋದೆ. ಎರಡು ದಿನ ನಾವಿಬ್ಬರೂ ಪರದೆಯ ಮುಂದೆ ಕೂತು ದವಡೆಗಳನ್ನು ತಿರುಗಿಸಿ ತಿರುಗಿಸಿ ನೋಡಿದೆವು. ಎಲ್ಲವೂ ನಮ್ಮನ್ನು ನೋಡಿ ಹಲ್ಲು ಕಿಸಿಯುತ್ತಿದ್ದವು. ಡಿಸ್ಕಿನಿಂದ ಬಂದದ್ದು ಸರಿಯೋ ತಪ್ಪೋ ಎಂದು ತಾಳೆ ನೋಡಲು ಬೇರೆಲ್ಲಾದರೂ ಒಂದು ಗುರುತು ಇರಬೇಕಿತ್ತು ಎಂದು ಚಿಕ್ಕಪ್ಪ ಗೊಣಗಿದರು. ಆಗ ನನಗೆ ಕೆಂಪು ಪೆನ್ಸಿಲ್ ನೆನಪಾಯಿತು. ಚಿಕ್ಕಪ್ಪನ ಮನೆಗೆ ಹೋಗಿ, ಪತ್ರಿಕೆಗಳ ರಾಶಿಯಿಂದ ಚೆನ್ನಾಗಿ ಅಗಿದ ಪೆನ್ಸಿಲ್ಲೊಂದನ್ನು ಕದ್ದು ತಂದೆ. ಕೆಳಗಿನ ಸಾಲಿನಲ್ಲಿ ಒಂದು ಹಲ್ಲು ಕೊಂಚ ವಾಲಿರುವ ಗುರುತು ಮರದಲ್ಲಿ ಮೂಡಿತ್ತು. ನೂರ ನಲವತ್ತೇಳನೆಯ ದವಡೆಗೆ ಅದು ಕರಾರುವಾಕ್ಕಾಗಿ ಹೊಂದಿತು. ಚಿಕ್ಕಪ್ಪ ಪೆನ್ಸಿಲ್ಲಿಗೆ ಮುತ್ತಿಟ್ಟು ಜೇಬಿಗಿಳಿಸಿದರು.

ಶುಕ್ರವಾರ ಬೆಳಗ್ಗೆ ಹೊಸ ಸೆಟ್ಟು ಸಿದ್ಧವಾಗಿತ್ತು. ಹೆಡ್‌ಮಿಸ್ಸು ಹಾಕಿಕೊಂಡು, ಎರಡು ಸಲ ಕಟಕಟ ಎನಿಸಿ ಹೊರಟರು. ಶಾಲೆಯಲ್ಲಿ ಐವತ್ತು ನಿಮಿಷ ಮಾತಾಡಿದರು. ತಡವಾಗಿ ಬಂದ ಬೋಳುತಲೆಯ ಹಳೆಯ ವಿದ್ಯಾರ್ಥಿಯೊಬ್ಬರನ್ನು ನಡುವೆ ಎಬ್ಬಿಸಿ ನಿಲ್ಲಿಸಿದರು. ಆತ ಕೊನೆಯವರೆಗೂ ಕೂರಲಿಲ್ಲ.

ಸಂಜೆ ಚಿಕ್ಕಪ್ಪನನ್ನು ಕೋಣೆಗೆ ಕರೆದರು. ನಾನೂ ಹಿಂದೆ ಹೋದೆ. ಹೆಡ್‌ಮಿಸ್ಸು ಅಳಿಯನ ಜೇಬಿನಿಂದ ಇಣುಕುತ್ತಿದ್ದ ಪೆನ್ಸಿಲ್ಲನ್ನೊಮ್ಮೆ ನೋಡಿ, ಹೊಸದೊಂದು ಕೆಂಪು ಪೆನ್ಸಿಲ್ ತೆಗೆದು, ಬಲವಾಗಿ ಒಮ್ಮೆ ಕಚ್ಚಿ, ಅಳಿಯನತ್ತ ಚಾಚಿದರು.

“ಒಂದು ಆಗ್ಲೇ ನಿಮ್ಮ ಜೇಬಲ್ಲಿದೆ. ಇದು ಎರಡನೇದು. ಬೇರೆ ಕಡೆ ಇಡಿ.”

ಚಿಕ್ಕಪ್ಪ ನೋಟ್‌ಬುಕ್ಕಿನಲ್ಲಿ ಏನೂ ಬರೆಯದೆ ಅದನ್ನು ತೆಗೆದುಕೊಂಡರು.