ಜೂನ್ ತಿಂಗಳ ಮೊಟ್ಟೆಗಳು

ಮೇಡಂ ಅವರ ಎಡಗಣ್ಣಿನ ಸುತ್ತ ಕೆಂಪನೆಯ ಉಂಗುರದಂಥ ಗುರುತಿತ್ತು. ಸೂಕ್ಷ್ಮದರ್ಶಕಕ್ಕೆ ಕಣ್ಣೊತ್ತಿ ಕೂತು ಕೂತು ಆದದ್ದು. ಅದರಲ್ಲಿ ಎರಡೂ ಕಣ್ಣಿಟ್ಟು ನೋಡಬೇಕು, ಹಾಗಾಗಿ ಗುರುತೂ ಎರಡು ಇದ್ದಿರಬೇಕು. ನನಗೆ ನೆನಪಿರುವುದು ಒಂದೇ. ಮುಂದೆ ಬರೆಯುವುದನ್ನೂ ಇಷ್ಟೇ ನಂಬಿ.

ದೆಹಲಿಯ ಒಂದು ಸಂಶೋಧನಾ ಸಂಸ್ಥೆಯಲ್ಲಿ ಅವರು ನನ್ನ ಪಿಎಚ್.ಡಿ. ಗೈಡ್. ಕೋಳಿಮೊಟ್ಟೆಯೊಳಗೆ ಚಪ್ಪಟೆ ಪದರವೊಂದು ಕೊಳವೆಯಾಗಿ, ಆ ಕೊಳವೆ ತಿರುಚಿಕೊಂಡು ಹೃದಯವಾಗುವುದನ್ನು ನೋಡುವುದು ಅವರ ಕೆಲಸ. ಬೆಳೆದದ್ದು ಸರೋಜಿನಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ; ಕರ್ನಾಟಕದಿಂದ ಬಂದ ತಂದೆ ಕೇಂದ್ರ ಸರ್ಕಾರದ ಗುಮಾಸ್ತರು. ಮನೆಯೊಳಗೆ ಮೊಟ್ಟೆ ಬರುವಂತಿರಲಿಲ್ಲ. ಸಂಶೋಧನೆಗೆ ಸೇರಿದ ಮೇಲೆ ದಿನಾ ಬಾಗಿಲಲ್ಲೇ ಜಗಳ. ತಾಯಿಯ ಧ್ವನಿ, ತಮ್ಮದೇ ಧ್ವನಿ ಎರಡನ್ನೂ ಮೇಡಂ ಮಾಡಿ ತೋರಿಸುತ್ತಿದ್ದರು.

"ಮೊಟ್ಟೆ ಮುಟ್ಟಿದ ಕೈಲಿ ಒಳಗೆ ಬರಬೇಡ ಕಣೇ, ಮೊದಲು ಸ್ನಾನ."

"ತಿನ್ನಲ್ಲಮ್ಮಾ, ನೋಡ್ತೀನಿ ಅಷ್ಟೆ."

"ನೋಡೋಕೆ ಒಡೀಬೇಕಲ್ಲ?"

"ಇದಕ್ಕೆ ಇವತ್ತಿಗೂ ಉತ್ತರ ಇಲ್ಲ ನೋಡು," ಎನ್ನುತ್ತಿದ್ದರು.

ವಿದೇಶದಲ್ಲಿ ಸಂಶೋಧನೆ ಮಾಡಿ ಮರಳಿದ ಮೇಲೂ ಕಾಯಂ ಹುದ್ದೆ ಸಿಗಲಿಲ್ಲ. ಪ್ರಾಜೆಕ್ಟ್ ಹಣದಲ್ಲಿ ನಡೆಯುವ ಚಿಕ್ಕ ಲ್ಯಾಬ್. ಒಂದು ದೊಡ್ಡ ಪೇಪರ್ ಅಚ್ಚಾದರೆ ಕಾಯಂ, ಇಲ್ಲವಾದರೆ ಲ್ಯಾಬಿಗೆ ಬೀಗ. ಇದು ಎಲ್ಲರಿಗೂ ಗೊತ್ತಿತ್ತು.

ಗುರುಗ್ರಾಮದ ಆಚೆಯ ಹ್ಯಾಚರಿಯಿಂದ ಮೊಟ್ಟೆ ತರಲು ನನ್ನ ಜೊತೆ ಅವರೇ ಬರುತ್ತಿದ್ದರು. ಮೆಟ್ರೋ ತಪಾಸಣೆಯಲ್ಲಿ ಬುಟ್ಟಿಯನ್ನು ಯಂತ್ರದೊಳಗೆ ಕಳಿಸಲು ಒಪ್ಪುತ್ತಿರಲಿಲ್ಲ.

"ಭಯ್ಯಾ, ಇದಕ್ಕೆ ಎಕ್ಸ್‌ರೇ ಬೀಳಬಾರದು. ಒಳಗೆ ಮಕ್ಕಳಿದ್ದಾರೆ."

"ಮ್ಯಾಡಮ್‌ಜೀ, ಅಂಡಾ ಹೈ," ಎಂದು ಕಾವಲಿನವನು ನಗುತ್ತಿದ್ದ. ಕೊನೆಗೆ ಒಂದೊಂದನ್ನೇ ಎತ್ತಿ ನೋಡಿ ಬಿಡುತ್ತಿದ್ದ. ಹಿಂದಿನ ಸಾಲಿನವರು ಬೈಯುತ್ತಿದ್ದರು.

ಕೊನೆಗೊಂದು ಫಲಿತಾಂಶ ಬಂತು. ಒಂದು ರಾಸಾಯನಿಕ ಹಾಕಿದರೆ ಹೃದಯದ ಕೊಳವೆ ಬೇಗ ತಿರುಚಿಕೊಳ್ಳುತ್ತದೆ. ಪತ್ರಿಕೆ ಪೇಪರನ್ನು ಒಪ್ಪಿತು, ಅಚ್ಚಾಗುವುದು ಬಾಕಿ. ಲ್ಯಾಬಿನಲ್ಲಿ ಕಾಜೂ ಕತ್ಲಿ ಹಂಚಿದೆವು.

ಆಮೇಲಿನ ಜೂನ್‌ನಲ್ಲಿ, ಚಿಪ್ಪಿನಲ್ಲಿ ಕಿಟಕಿ ಕತ್ತರಿಸುವುದನ್ನು ಹೊಸ ವಿದ್ಯಾರ್ಥಿಗಳಿಗೆ ತೋರಿಸಲೆಂದು, ಆಗಷ್ಟೇ ತಂದ ಮೊಟ್ಟೆಯೊಂದನ್ನು ಅವರು ತೆರೆದರು. ನಮ್ಮ ಕಾವುಪೆಟ್ಟಿಗೆಯಲ್ಲಿ ಇಡದ ಮೊಟ್ಟೆ. ಬರಿಯ ಬಿಳಿ ಚುಕ್ಕೆ ಇರಬೇಕಿತ್ತು. ಅಲ್ಲಿ ಆಗಲೇ ಭ್ರೂಣದ ಮೊದಲ ಗೆರೆ ಮೂಡಿತ್ತು. ಇನ್ನೊಂದನ್ನು ಒಡೆದರು. ಅದರಲ್ಲೂ ಗೆರೆ.

"ಏನೂ ಹಾಕದ ಮೊಟ್ಟೆಗಳನ್ನ ಯಾವಾಗ ನೋಡಿದ್ವಿ?"

"ಜನವರಿಲಿ, ಮೇಡಂ."

"ಕೆಮಿಕಲ್ ಹಾಕಿದ್ದು?"

"ಅದು ಬರೋದು ತಡವಾಯ್ತಲ್ಲ. ಹೋದ ಜೂನಲ್ಲಿ."

"ಅಚ್ಛಾ," ಎಂದರು. "ಜೂನ್ ಸೆಖೆಗೆ ಹ್ಯಾಚರಿ ತಗಡಿನ ಶೆಡ್ಡಲ್ಲೇ ಕಾವು ಶುರುವಾಗಿದೆ ಕಣೇ. ನಾವು ಪೆಟ್ಟಿಗೆಗಿಟ್ಟ ಮೇಲಿಂದ ಗಂಟೆ ಎಣಿಸಿದ್ವಿ. ಬೇಗ ಆಗಿದ್ದು ಕೆಮಿಕಲ್‌ನಿಂದಲ್ಲ."

ಒಂದೇ ದಿನ ತಂದ ಮೊಟ್ಟೆಗಳಲ್ಲಿ ರಾಸಾಯನಿಕ ಹಾಕಿದ್ದು, ಹಾಕದ್ದು ಎರಡನ್ನೂ ಜೊತೆಯಾಗಿ ಮಾಡಿ ನೋಡಿದೆವು. ವ್ಯತ್ಯಾಸವೇ ಇರಲಿಲ್ಲ. ಪೇಪರ್ ವಾಪಸ್ ತೆಗೆಸಿಕೊಂಡರು. ಅಂದು ಅವರು ಅತ್ತರೆಂದು ಬರೆದರೆ ಚಿತ್ರ ಪೂರ್ತಿಯಾದೀತು. ಅತ್ತದ್ದು ನಾನು ನೋಡಿಲ್ಲ. ಒಡೆದ ಚಿಪ್ಪುಗಳನ್ನು ಲ್ಯಾಬ್ ಕಸದ ಹಳದಿ ಚೀಲಕ್ಕೆ ಹಾಕಿ ಕೈ ತೊಳೆದುಕೊಂಡರು, ಅಷ್ಟೆ.

ಲ್ಯಾಬಿಗೆ ಬೀಗ ಬಿತ್ತು. ನನ್ನನ್ನು ಇನ್ನೊಬ್ಬ ಗೈಡಿಗೆ ಒಪ್ಪಿಸಿದರು. ಪದವಿ ಬಂತು, ಈಗ ಕೆಲಸವೂ ಇದೆ. ಅವರು ನೋಯ್ಡಾದ ಕೋಚಿಂಗ್ ಸೆಂಟರಿನಲ್ಲಿ ಜೀವಶಾಸ್ತ್ರ ಹೇಳಿಕೊಡತೊಡಗಿದರು. "ಹೃದಯದ ಪಾಠ ಮಾಡಿದ್ರೆ, ಇದು ಎಷ್ಟು ಮಾರ್ಕಿಗೆ ಬರತ್ತೆ ಅಂತ ಕೇಳ್ತಾರೆ ಕಣೇ," ಎಂದು ಫೋನಿನಲ್ಲಿ ನಕ್ಕಿದ್ದರು. ಆ ನಗುವಿನಲ್ಲಿ ದುಃಖವಿತ್ತೇ ಎಂದು ಈಗ ಹುಡುಕುತ್ತೇನೆ. ಸಿಗುವುದಿಲ್ಲ.

ಈ ಚಳಿಗಾಲದಲ್ಲಿ ತೀರಿಕೊಂಡರು. ಮಿದುಳಿನಲ್ಲಿ ರಕ್ತಸ್ರಾವ. ಅವರ ಫ್ಲ್ಯಾಟಿಗೆ ಹೋದಾಗ ಲಿಫ್ಟಿನಲ್ಲಿ ಅಂಟಿಸಿದ್ದ, ಟ್ಯಾಂಕ್ ತೊಳೆಯುವ ಸೂಚನೆಯನ್ನು ಪೂರ್ತಿ ಓದಿದೆ. ಬೇರೇನೂ ಅನ್ನಿಸಲಿಲ್ಲ. ಈಗಲೂ ಅನ್ನಿಸುತ್ತಿಲ್ಲ.

ಕಾಲೇಜಿಗೆ ಹೋಗುವ ಅವರ ಮಗಳು ನನ್ನನ್ನು ಬಾಲ್ಕನಿಗೆ ಕರೆದಳು.

"ದೀದಿ, ಮಮ್ಮಿದು ಒಂದು ಬಡಾ ಪೇಪರ್ ಇತ್ತಂತೆ. ಸರ್ಚ್ ಮಾಡಿದ್ರೆ ಸಿಗಲ್ಲ."

"ಸಿಗಲ್ಲ. ಅವರೇ ತೆಗೆಸಿದ್ರು. ತಪ್ಪಿತ್ತು."

"ಬೇರೆಯವರು ಹಿಡಿದ್ರಾ?"

"ಇಲ್ಲ. ಅವರೇ."

ಅವಳು ಫೋನಿನ ಸರ್ಚ್ ಪುಟ ಮುಚ್ಚಿದಳು.

"ಮತ್ಲಬ್, ಅಂದ್ರೆ ಸುಮ್ಮನಿದ್ದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ?"

"ಗೊತ್ತಾಗ್ತಿರ್ಲಿಲ್ಲ."

"ಫಿರ್ ಭೀ, ಆದ್ರೂ ತೆಗೆಸಿದ್ರು?"

"ಹೂಂ. ತೆಗೆಸಿದ್ರು."

ಒಳಗಿನಿಂದ ಯಾರೋ ಕರೆದರು. ಬಂದವರಿಗೆ ನೀರು ಕೊಡಲು ಅವಳು ಹೋದಳು.