ಗುದ್ದಲಿ ಬ್ಯಾಂಡಿಗೆ ಮುಖ ಕೊಟ್ಟ ಶೈಲಾ

ನಂಬಲು ಆಗುತ್ತಿಲ್ಲ...
ಬೆಳಿಗ್ಗೆ ಶೈಲಾಳ ಗಂಡ ಗಿರೀಶನ ಫೋನ್ ಬಂದಾಗ ಗ್ಲೆನೆಲ್ಗ್ ಟ್ರಾಮ್‌ನಲ್ಲಿದ್ದೆ.
"ಶೈಲಾ ಹೋಗ್ಬಿಟ್ಲು ಕಣೋ... ಹಾರ್ಟ್ ಅಟ್ಯಾಕ್" ಎಂದ.


ಮಧ್ಯಾಹ್ನದ ಹೊತ್ತಿಗೆ ಫೋನ್ ತುಂಬ, ಬ್ಯಾಂಡಿನ ಗೆಳೆಯರೇ, ನಿಮ್ಮ ಪೋಸ್ಟ್‌ಗಳು...
"ಲೆಜೆಂಡ್."
"ನಮ್ಮ ಬ್ಯಾಂಡಿನ ಆತ್ಮ."
ಒಡೆದ ಹೃದಯದ ಇಮೋಜಿ ಬೇರೆ.
ನಾಚಿಕೆ ಆಗುವುದಿಲ್ಲವೇ?

ಗೊತ್ತಿಲ್ಲದವರಿಗೆ ಹೇಳುತ್ತೇನೆ.
ಅಡಿಲೇಡ್‌ನ ನಮ್ಮ ಕನ್ನಡ ರಾಕ್ ಬ್ಯಾಂಡ್ 'ಗುದ್ದಲಿ'.
ನಾನು ಡ್ರಮ್ಸ್. ಪ್ರವೀಣ ಹಾಡುವವನು.
ಶೈಲಾ ಒಂದು ವಾದ್ಯವನ್ನೂ ಮುಟ್ಟಿದವಳಲ್ಲ...
ಆದರೆ ಅವಳು ಬರುವ ಮೊದಲು ನಾವು ಇಸ್ತ್ರಿ ಶರ್ಟಿನ ನಾಲ್ಕು ಐಟಿ ಮುಖಗಳು. ನಾವು ನುಡಿಸುವಾಗ ಜನ ಊಟದ ಕ್ಯೂನಲ್ಲಿರುತ್ತಿದ್ದರು.

"ಗುದ್ದಲಿ ಅಂತ ಹೆಸರಿಟ್ಕೊಂಡು ಆಫೀಸ್ ಬಟ್ಟೇಲಿ ಬರ್ತೀರಲ್ರೋ" ಎಂದು ಬೈದು, ಬ್ಲೇರ್ ಅಥಾಲ್‌ನ ತನ್ನ ಗ್ಯಾರೇಜಿನಲ್ಲಿ ಕೂತು ಜಾಕೆಟ್ ಸಿದ್ಧ ಮಾಡಿದಳು.
ರಸ್ತೆ ಕೆಲಸದವರು ಹಾಕುವ ಕಿತ್ತಳೆ ಬಣ್ಣದ ಹೈ-ವಿಸ್.
ಬೆನ್ನಿಗೆ ನಮ್ಮ ನಮ್ಮ ಅಮ್ಮಂದಿರ ಹಳೇ ರೇಷ್ಮೆ ಸೀರೆಯ ಸೆರಗು.
ಆಮೇಲೆ ನೋಡಬೇಕಿತ್ತು... ನಾವು ಬೆನ್ನು ತಿರುಗಿಸಿ ನಿಂತರೆ ಸಾಕು, ಹಾಲ್ ಎದ್ದು ಕುಣಿಯುತ್ತಿತ್ತು.

ಶೈಲಾ, ಈಗ ನಿನಗೇ ಹೇಳುತ್ತಿದ್ದೇನೆ...
ಬ್ರಿಸ್ಬೇನ್ ಶೋಗೆ ಮುಂಚೆ ಪ್ರವೀಣ ನಿನ್ನ ಮುಖಕ್ಕೇ ಹೇಳಿದ.
"ಸ್ಕಿಲ್ಡ್ ವೀಸಾದಲ್ಲಿ ಬಂದೋರು ನಾವು. ಈ ಜಾಕೆಟ್ ನೋಡಿದ್ರೆ ಅಲ್ಲಿನ ಅಂಕಲ್‌ಗಳು ನಮ್ಮನ್ನ ಕೂಲಿಯವ್ರು ಅಂದ್ಕೋತಾರೆ. ಮ್ಯೂಸಿಕ್ ಮುಖ್ಯ, ಬಟ್ಟೆ ಅಲ್ಲ."
ಬಟ್ಟೆ ಮುಖ್ಯವಲ್ಲದಿದ್ದರೆ ಕಪ್ಪು ಬ್ಲೇಜರ್ ಯಾಕೆ ಕೊಂಡನಂತೆ?
ನಾನು ಜಗಳವಾಡಿ ಸೋತೆ. ನಾಲ್ವರೂ ಬ್ಲೇಜರ್‌ನಲ್ಲಿ ನಿಂತೆವು.
ಫಾರೆಸ್ಟ್ ಲೇಕ್ ಬಡಾವಣೆಯಿಂದ ನಮಗಾಗಿಯೇ ಬಂದಿದ್ದ ಹುಡುಗಿಯೊಬ್ಬಳು, ನಾವು ನುಡಿಸುತ್ತಿರುವಾಗಲೇ ಪಕ್ಕದ ಆಂಟಿಯನ್ನು ಕೇಳಿದಳು: "ಗುದ್ದಲಿಯವ್ರು ಯಾವಾಗ ಬರ್ತಾರೆ?"

ಇದನ್ನು ಹೇಳಿದಾಗ ನೀನು ನಗಲಿಲ್ಲ. "ನನ್ನ ಜಾಕೆಟ್ ವಾಪಸ್ ಕೊಡ್ಸು" ಎಂದೆ, ಅಷ್ಟೇ.
ಕೊಡಿಸಲು ಆಗಲಿಲ್ಲ ಕಣೇ...
ನನ್ನದೊಂದು ಬಿಟ್ಟು ಉಳಿದ ಮೂರನ್ನೂ ಅವರು ಹಳೇ ಬಟ್ಟೆಯ ದಾನದ ಡಬ್ಬಿಗೆ ಹಾಕಿದ್ದರು. ಹೆತ್ತ ತಾಯಂದಿರ ಸೀರೆ ಸಮೇತ.

ಈಗ ಪ್ರವೀಣನ ಮೆಸೇಜ್.
ಶನಿವಾರ ನಿನ್ನ ಹೆಸರಲ್ಲಿ ಟ್ರಿಬ್ಯೂಟ್ ಶೋ ಅಂತೆ. ಹೊಸ ಹೈ-ವಿಸ್ ಆರ್ಡರ್ ಮಾಡಿದ್ದಾನಂತೆ.
"ನಿನ್ ಜಾಕೆಟ್ ಇದ್ಯಲ್ಲ ಗುರು, ಸ್ಯಾಂಪಲ್‌ಗೆ ಕೊಡು. ಸೇಮ್ ಲುಕ್ ಬೇಕು."
ಪ್ರವೀಣ, ಮನುಷ್ಯನೇನಯ್ಯಾ ನೀನು?

ಸಂಜೆ ಗಿರೀಶನ ಮನೆಗೆ ಹೋದೆ.
ಮುತ್ತೈದೆ ಹೋದರೆ ತವರಿನ ಸೀರೆ ಹೊದಿಸಿ ಕಳಿಸುವುದು ನಮ್ಮ ಪದ್ಧತಿ. ಶುಕ್ರವಾರ ಅಂತ್ಯಕ್ರಿಯೆ, ಅಷ್ಟರೊಳಗೆ ಸೀರೆ ತರಬೇಕಾದ ಅವಳ ಅಣ್ಣನಿಗೆ ವೀಸಾ ಸಿಗುವುದಿಲ್ಲ... ಗಿರೀಶ ಅದನ್ನೇ ಹೇಳಿಕೊಂಡು ಅಳುತ್ತಿದ್ದ.
ಏನೂ ತೋಚದೆ ಮೈಸೂರಿಗೆ, ಅಮ್ಮನಿಗೆ ಫೋನ್ ಮಾಡಿದೆ.
"ನನ್ ಸೆರಗು ನಿನ್ ಜಾಕೆಟ್ಟಲ್ಲಿ ಇದ್ಯಲ್ಲೋ. ಅದನ್ನೇ ಹೊದ್ಸು. ಆ ಮಗೂಗೆ ನಾನೇ ತವರು ಅಂದ್ಕೊಳ್ಳಿ" ಎಂದರು.

ಹೊಲಿಗೆ ಬಿಚ್ಚಲು ನನ್ನ ಕೈ ಬರಲಿಲ್ಲ. ಮನೆಯಿಂದ ತಂದ ಜಾಕೆಟ್ಟನ್ನೇ ಗಿರೀಶನ ಕೈಗಿಟ್ಟು ಬಂದೆ.
ಶುಕ್ರವಾರ ಅವಳು ಅದನ್ನು ಹೊದ್ದು ಹೋಗುತ್ತಾಳೆ.

ಪ್ರವೀಣ, ಸ್ಯಾಂಪಲ್ ಇಲ್ಲ.
ಡ್ರಮ್ಸ್‌ಗೂ ಬೇರೆಯವರನ್ನು ನೋಡಿಕೋ.

ಹೋಗಿ ಬಾ ಶೈಲಾ...
ನಿನ್ನ ಆತ್ಮ ತಣ್ಣಗಿರಲಿ.
ನನ್ನ ಹೊಟ್ಟೆಯ ಉರಿ ಮಾತ್ರ ಸದ್ಯಕ್ಕೆ ಆರುವಂಥದ್ದಲ್ಲ.