ಬಚ್ಚಲ ಬದಿಯ ಹೂವಿನ ಹೆಸರು

ಮದುವೆಯಾಗಿ ಸೇಡಂಗೆ ಬಂದ ಹೊಸತರಲ್ಲಿ ಮಾವನವರೊಂದಿಗೆ ಏನು ಮಾತಾಡಬೇಕೆಂದು ನನಗೆ ತಿಳಿಯುತ್ತಿರಲಿಲ್ಲ. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಯಜಮಾನರು ಬೆಳಗಿನ ರೈಲಿಗೆ ವಾಡಿಗೆ ಕೆಲಸಕ್ಕೆ ಹೋದರೆ ಮರಳುವುದು ಕತ್ತಲಾದ ಮೇಲೆ. ನಾನು ಚಿತ್ತಾಪುರದ ಶಾಲೆಯಲ್ಲಿ ಗಣಿತ ಕಲಿಸಿ ಐದು ಗಂಟೆಯ ಸುಮಾರಿಗೆ ಮನೆ ಸೇರುತ್ತಿದ್ದೆ. ಆಮೇಲೆ ಮನೆಯಲ್ಲಿ ನಾವಿಬ್ಬರೇ.

ಮಾವ ರಾವೂರಿನ ಕಲ್ಲಿನ ಖಣಿಯಲ್ಲಿ ಇಡೀ ಆಯುಷ್ಯ ದುಡಿದವರು. ನೆಲಕ್ಕೆ ಹಾಸುವ ಪರಸಿ ಕಲ್ಲನ್ನು ಬೆರಳಿನಿಂದ ತಟ್ಟಿ, ಒಳಗೆ ಸೀಳಿದೆಯೋ ಇಲ್ಲವೋ ಸಪ್ಪಳದಿಂದಲೇ ಹೇಳಬಲ್ಲರು. ಆದರೆ ಮಾತು ಮಾತ್ರ ಕಡಿಮೆ. ನಾನು ಚಪ್ಪಲಿ ಬಿಡುತ್ತಿದ್ದಂತೆ "ಚಾ ಇಡ್ಲೇನವ್ವಾ?" ಎನ್ನುವರು. "ಇಡ್ರಿ ಮಾವಾರ" ಎನ್ನುತ್ತಿದ್ದೆ. ಅಂದಿನ ಮಾತುಕತೆ ಅಲ್ಲಿಗೆ ಮುಗಿಯುತ್ತಿತ್ತು.

ನಮ್ಮ ಹಿತ್ತಲಿಗೆಲ್ಲ ಕಲ್ಲು ಹಾಸಿದೆ. ಬಚ್ಚಲ ನೀರು ಹೋಗುವಲ್ಲಿ ಮಾತ್ರ ಎರಡು ಕಲ್ಲು ಕಿತ್ತಿದ್ದು, ಆ ಹಸಿ ಮಣ್ಣಿನಲ್ಲಿ ಒಂದು ಗಿಡ ಬೆಳೆದಿತ್ತು. ಸೊಂಟದೆತ್ತರದ ದಂಟುಗಳು, ಅವುಗಳ ಎರಡೂ ಬದಿಗೆ ಉದ್ದನೆಯ ಚೂಪು ಎಲೆಗಳು. ಮನೆ ಕೊಂಡಾಗಲೇ ಅದು ಅಲ್ಲಿತ್ತಂತೆ. ಬೇಸಿಗೆಯಲ್ಲಿ ಒಣಗಿ ಸತ್ತಂತೆ ಕಾಣುವುದು, ಮಳೆ ಬಿದ್ದೊಡನೆ ಮತ್ತೆ ಚಿಗುರುವುದು. ಅಡ್ಡ ಬರುತ್ತದೆಂದು ಮಾವ ಪ್ರತಿ ಮಳೆಗಾಲ ಅದನ್ನು ಕುಡುಗೋಲಿನಿಂದ ಸವರಿ ಹಾಕುತ್ತಿದ್ದರು. ಪಕ್ಕದ ಮನೆಯವರು ಅದನ್ನು ಅರಿಶಿಣ ಎನ್ನುತ್ತಿದ್ದರು. ಮಾವನವರು ಶುಂಠಿ ಎನ್ನುತ್ತಿದ್ದರು.

ಒಂದು ದಿನ ನಾನು ಶಾಲೆಯಿಂದ ಬಂದಾಗ ಅವರು ಬೇರನ್ನು ಅಗೆದು, ತೊಳೆದು, ಜಜ್ಜುತ್ತಿದ್ದರು.

"ಒಳಗ ಬೆಳ್ಳಗದ. ಅರಿಶಿಣ ಅಲ್ಲ. ವಾಸನಿ ನೋಡು, ಹಸಿ ಶುಂಠಿನ ಇದು" ಎಂದು ಚಹಾಕ್ಕೆ ಹಾಕಿದರು.

ಮೊದಲ ಗುಟುಕಿಗೇ ನನಗೆ ಮೈಸೋಪಿನ ನೀರು ಕುಡಿದಂತಾಯಿತು. ನುಂಗಲಾರದೆ, ಉಗುಳಲಾರದೆ ಕುಳಿತೆ. ಮಾವ ಏನೂ ಆಗಿಲ್ಲದವರಂತೆ ತಮ್ಮ ಲೋಟ ಪೂರ್ತಿ ಕುಡಿದು, ಕೆಳಗಿಟ್ಟು, ನನ್ನ ಮುಖ ನೋಡಿದರು.

"ಭಾಳ ಕೆಟ್ಟ ಆಗ್ಯದಲ್ಲ?"

"ಭಾಳ ಕೆಟ್ಟ ಆಗ್ಯದರಿ ಮಾವಾರ."

ಇಬ್ಬರೂ ಒಟ್ಟಿಗೇ ನಕ್ಕೆವು. ಅವರು ನಗುವುದನ್ನು ನಾನು ಅವತ್ತೇ ಮೊದಲು ಕಂಡದ್ದು.

ಅಂದಿನಿಂದ ಅವರಿಗೆ ಅದೇ ಚಿಂತೆಯಾಯಿತು. "ಅರಿಶಿಣ ಅಲ್ಲ, ಶುಂಠಿ ಅಲ್ಲ. ಹಂಗಾದ್ರ ಇದು ಏನವ್ವಾ?" ಗೊತ್ತಾಗುವ ತನಕ ಕುಡುಗೋಲು ಮುಟ್ಟಿಸುವುದಿಲ್ಲ ಎಂದರು. ಅಗೆದ ಜಾಗಕ್ಕೆ ಮಣ್ಣು ಮುಚ್ಚಿ, ಎರಡು ಬುಟ್ಟಿ ಸಗಣಿ ಗೊಬ್ಬರ ಹಾಕಿದರು.

ಆ ವರ್ಷ ದಂಟುಗಳು ನನ್ನ ಭುಜಕ್ಕೆ ಬಂದವು. ಶ್ರಾವಣದಲ್ಲಿ ಒಂದು ದಂಟಿನ ತುದಿಗೆ ಮೆಕ್ಕೆ ತೆನೆಯಂಥ ಹಸಿರು ಗೊಂಚಲು ಮೂಡಿತು. ಒಂದು ಸಂಜೆ ನಾನು ಹಿಟ್ಟು ನಾದುತ್ತಿದ್ದಾಗ ಹಿತ್ತಲಿನಿಂದ ಕೂಗಿದರು.

"ಯವ್ವಾ, ಲಗೂ ಬಾ!"

ಗೊಂಚಲಿನಿಂದ ಬೆಳ್ಳನೆಯ ಹೂವೊಂದು ಹೊರಬಂದಿತ್ತು. ರೆಕ್ಕೆ ಬಿಚ್ಚಿ ಕುಳಿತ ಚಿಟ್ಟೆಯ ಹಾಗೆ. ವಾಸನೆ ಹಿತ್ತಲೆಲ್ಲ ತುಂಬಿತ್ತು. ನಾನು ಹಿಟ್ಟಿನ ಕೈ ಮರೆತೆ. ಇಬ್ಬರೂ ಬಚ್ಚಲ ಪಕ್ಕದಲ್ಲಿ ನಿಂತೇ ಇದ್ದೆವು.

ಫೋಟೊ ತೆಗೆದು ಶಾಲೆಯ ವಾಟ್ಸಾಪ್ ಗುಂಪಿಗೆ ಹಾಕಿದೆ. ಒಬ್ಬರು ಆರ್ಕಿಡ್ ಎಂದರು, ಇನ್ನೊಬ್ಬರು ಬಿಳಿ ಕಾಬಾಳೆ ಎಂದರು, ಮತ್ತೊಬ್ಬರು ಕೈಮುಗಿದು ಶುಭ ಸಂಜೆ ಹೇಳಿದರು. ಗಿಡ ಗುರುತಿಸುವ ಆ್ಯಪ್ ಎರಡು ಸಲ ಎರಡು ಹೆಸರು ಕೊಟ್ಟಿತು.

"ಫೋನಿಗಿ ವಾಸನಿ ಹೆಂಗ ಗೊತ್ತಾಗ್ತದ?" ಎಂದರು ಮಾವ.

ಮರುದಿನ ಹೂವನ್ನು ಡಬ್ಬಿಯಲ್ಲಿಟ್ಟು ಚಿತ್ತಾಪುರಕ್ಕೆ ಒಯ್ದೆ. ವಿಜ್ಞಾನದ ಮೇಡಂ ಮುಂದೆ ಮುಚ್ಚಳ ತೆಗೆದರೆ ಒಳಗೆ ನೆನೆದ ಕಾಗದದಂಥ ಕಂದು ಚೂರು. ಅವರು ನಕ್ಕುಬಿಟ್ಟರು.

"ಇದರ ಮ್ಯಾಲ ನಾ ಏನ್ ಹೇಳ್ಲಿ? ಹೂವು ನೆಲದಿಂದ ಬಂದದೋ, ದಂಟಿನ ತುದಿಗೋ?"

"ತುದಿಗಿ."

"ಹಂಗಾದ್ರ ಶುಂಠಿ ಬಿಡ್ರಿ, ಅದರ ಹೂವು ನೆಲದಿಂದ ಬರ್ತದ. ಬೇರು ಬೆಳ್ಳಗಿದ್ರ ಅರಿಶಿಣಾನೂ ಅಲ್ಲ. ಐತವಾರ ನಾನಽ ಬರ್ತೀನಿ, ಗಿಡದಾಗ ನೋಡ್ತೀನಿ."

ಮಾವನಿಗೆ ಭಾನುವಾರದ ತನಕ ತಡೆಯಲಾಗಲಿಲ್ಲ. ಎರಡು ದಿನ ಬಿಟ್ಟು ಸಂಜೆ ನಾನು ಸೇಡಂ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ, ಹೂ ಮಾರುವ ಹೆಣ್ಣುಮಗಳ ಬುಟ್ಟಿಗಳ ಪಕ್ಕದಲ್ಲಿ ಅವರು ಕುಳಿತಿದ್ದರು. ತೊಡೆಯ ಮೇಲೆ ನೀರಿನ ಬಾಟಲಿ, ಅದರೊಳಗೆ ಮೊಗ್ಗಿನ ದಂಟು. ಅರಳಿದ ಹೂ ದಾರಿಯಲ್ಲಿ ಬಾಡುತ್ತದೆ, ಮೊಗ್ಗು ತಂದರೆ ಇಲ್ಲೇ ಅರಳುತ್ತದೆ, ಆಗ ಆಕೆಯನ್ನು ಹೆಸರು ಕೇಳಬಹುದು ಎಂದು ಅವರ ಲೆಕ್ಕ. ಒಂದು ತಾಸಿನಿಂದ ಕಾಯುತ್ತಿದ್ದರಂತೆ.

"ಕಾಕಾ, ಗಿರಾಕಿ ನಿಂತಾರ, ಜರಾ ಸರೀರಿ" ಎಂದು ಆಕೆ ಗೊಣಗುತ್ತಿದ್ದಳು.

ನಾನೂ ಅಲ್ಲೇ ನಿಂತೆ. ಸುರುಳಿ ಸುತ್ತಿದ ಮೊಗ್ಗು ಸ್ವಲ್ಪ ಸ್ವಲ್ಪವೇ ಸಡಿಲವಾಯಿತು. ಎಸಳು ಬಿಚ್ಚಿದಾಗ ಆಕೆ ಕೈಯಲ್ಲಿದ್ದ ಚೆಂಡು ಹೂವಿನ ಮಾಲೆ ಕೆಳಗಿಟ್ಟು, ಬಾಟಲಿ ಇಸಿದುಕೊಂಡು ಮೂಗಿಗೆ ಹಿಡಿದಳು.

"ಅರೇ ಅಲ್ಲಾ! ಇದು ಸೋನಟಕ್ಕಾ ಅದ ಕಾಕಾ! ಸೋಲಾಪುರ ಕಡೆ ನಮ್ಮ ತವರಮನಿ. ಅಲ್ಲಿ ನೀರಿನ ಟಾಕಿ ಬಾಜೂಕ ಇತ್ತು. ನಮ್ಮ ಅಮ್ಮಿ ದಿನಾ ಒಂದು ಹೂವು ತಲಿಗಿ ಇಟ್ಕೊತಿದ್ಳು."

ಆಕೆ ಮತ್ತೊಮ್ಮೆ ಮೂಸಿದಳು. ಮಾವ ಬಾಟಲಿ ವಾಪಸು ಕೇಳಲಿಲ್ಲ. ಮನೆಯ ತನಕ "ಸೋನಟಕ್ಕಾ, ಸೋನಟಕ್ಕಾ" ಎಂದು ಬಾಯಿಪಾಠ ಮಾಡುತ್ತ ನಡೆದರು.

ಭಾನುವಾರ ಮೇಡಂ ಬಂದು, ಹಿಂದಿನ ದಿನ ಸಂಜೆ ಅರಳಿದ್ದ ಹೂವನ್ನು ಗಿಡದಲ್ಲೇ ಬಿಡಿಸಿ ತೋರಿಸಿದರು. ಹಿಂದೆ ಮೂರು ಸಣ್ಣ ಎಸಳು, ಮುಂದೆ ಸೀಳಿದ ಒಂದು ಅಗಲ ಎಸಳು, ನಡುವೆ ಬಾಗಿದ ಒಂದೇ ಒಂದು ಕೇಸರ.

"ಕನ್ನಡದಾಗ ಇದಕ್ಕ ಸುರುಳಿ ಸುಗಂಧಿ ಅಂತಾರ. ಶುಂಠಿ ಬಳಗದ್ದಽ ರಿ ಇದು."

ಮಾವ ನನ್ನ ಕಡೆ ತಿರುಗಿದರು. "ಕೇಳಿದೇನವ್ವಾ? ನಂದು ಪೂರ್ತಿ ತಪ್ಪಿದ್ದಿಲ್ಲ!"

ಮುಂದಿನ ಮಳೆಗೆ ಬೇರು ಒಡೆದು ಮೇಡಂಗೆ ಒಂದು ತುಂಡು, ಹೂವಿನಾಕೆಗೆ ಒಂದು ತುಂಡು ಕೊಟ್ಟೆವು. ಆಕೆ ಅದನ್ನು ಒಡೆದ ಡ್ರಮ್ಮಿನಲ್ಲಿ ನೆಟ್ಟಿದ್ದಾಳೆ. ಇನ್ನೂ ಹೂ ಬಿಟ್ಟಿಲ್ಲ. ಎಲೆ ಎಷ್ಟಾದವು ಎಂದು ಕೇಳಲು ಮಾವ ದಿನ ಬಿಟ್ಟು ದಿನ ಬಸ್‌ಸ್ಟ್ಯಾಂಡಿಗೆ ಹೋಗುತ್ತಾರೆ. ಸಂಜೆ ಅವರು ಅಲ್ಲಿಯ ಸುದ್ದಿ ಹೇಳುತ್ತಾರೆ, ಖಣಿಯ ಕಾಲದ್ದೂ ಹೇಳುತ್ತಾರೆ. ನಾನು ಶಾಲೆಯದು ಹೇಳುತ್ತೇನೆ. ಯಜಮಾನರು ಹಸಿದು ಬರುವ ಹೊತ್ತಿಗೆ ಎಷ್ಟೋ ಸಲ ರೊಟ್ಟಿ ಇನ್ನೂ ಆಗಿರುವುದಿಲ್ಲ.